ಎಡಗಡೆಯ ಗೂಟ

ಭಾನುವಾರ. ಹತ್ತೂವರೆಗೆ ಇಳಿತ ಅಂತ ಬೊಮ್ಮಯ್ಯ ಹೇಳಿದ್ದ.
ಹನ್ನೊಂದಾದರೂ ಸಂಕದ ಕಾಲಿಗೆ
ನೀರು ಅಂಟಿಕೊಂಡೇ ಇತ್ತು.
ನಾವು ಐದು ಜನ, ಒಂದು ಗರಗಸ, ಎರಡು ಹಾರೆ,
ಬಾಡದಿಂದ ಸೈಕಲ್ಲಿಗೆ ಕಟ್ಟಿ ತಂದ ಗಾಳಿಮರದ ತುಂಡು,
ಮತ್ತೆ ಈ ನೋಟುಬುಕ್ಕು.
ಮೂವತ್ತೊಂದು ವರ್ಷ ಟಪಾಲು ಹಂಚಿದವನಿಗೆ
ಬರೆಯುವುದು ಬಿಟ್ಟು ಬೇರೆ ಕೆಲಸ ಕೊಡಲು
ಇವರಿಗೆ ಧೈರ್ಯವಿಲ್ಲ.

ಬರೆಯುತ್ತೇನೆ:
ಗಜನಿ ಕಟ್ಟಿನ ಮೇಲಿನ ಹಾದಿ, ಜಂತ್ರಡಿ ಹತ್ತಿರ.
ಸಂಕದ ಎರಡನೇ ಹಲಗೆ ಮಾಯ.
ಮೂರನೆಯದು ಇದೆ, ಇಲ್ಲದ ಹಾಗೆ.
ತಡಮೆಯ ಮೆಟ್ಟು ಏಡಿ ಕೊರೆದ ಮಣ್ಣಿಗೆ ಕುಸಿದು
ದನ ದಾಟುವಷ್ಟು ತಗ್ಗು,
ಮನುಷ್ಯರು ಎಡವುವಷ್ಟು ಎತ್ತರ.

ಇದೇ ಕಟ್ಟಿನ ಮೇಲೆ ನಾನು ಮನಿಆರ್ಡರು ತಂದಿದ್ದೇನೆ,
ಆಷಾಢದಲ್ಲಿ ಚೀಲ ತಲೆಗಿಟ್ಟು,
ಚಪ್ಪಲಿ ಕೈಗೆ ತೆಗೆದುಕೊಂಡು.
ಸಂಕ ಯಾರು ಕಟ್ಟುತ್ತಾರೆ ಅಂತ
ಒಂದು ದಿನವೂ ಕೇಳಲಿಲ್ಲ.
ಇತ್ತು, ಅಷ್ಟೇ,
ಬೆಳಿಗ್ಗೆ ಎದ್ದರೆ ಹಂಡೆಯಲ್ಲಿ ಬಿಸಿನೀರು ಇರುವ ಹಾಗೆ.

ದೇವಿದಾಸ ಆಚಾರಿ ಮೊಳೆಯ ಪೊಟ್ಟಣ ನೋಡಿಯೇ ನಕ್ಕ.
ಉಪ್ಪುನೀರಿಗೆ ಕಬ್ಬಿಣವೆಂದರೆ ಹಪ್ಪಳ, ಅಂದ.
ಬೆಣೆ ಕೆತ್ತಿದ. ಇನಾಸ ಕತ್ತದ ಹಗ್ಗ ನೆನೆಸಿ
ಹಲ್ಲಲ್ಲಿ ಕಚ್ಚಿ ಬಿಗಿದ,
ದೋಣಿ ಕಟ್ಟುವ ಗಂಟು, ಬಿಚ್ಚಲು ಅವನೇ ಬರಬೇಕು.
ಹಲಗೆ ಕೂತಿತು. ಬೊಮ್ಮಯ್ಯ ಮೇಲೆ ನಿಂತು ಕುಣಿದ.
ಸಂಕ ಗೊಣಗಿತು, ತಡೆದುಕೊಂಡಿತು.

ತಡಮೆಗೆ ಬಂದಾಗ ಜಗಳ.
ಮೆಟ್ಟು ಎಷ್ಟೆತ್ತರ? ಯಾರ ಕಾಲಿನ ಲೆಕ್ಕ?
ಚೈತ್ರಾ ಹರಿಕಂತ್ರಳ ಮೊಣಕಾಲಿಗೆ ಒಂದು ಗೆರೆ,
ಇನಾಸನದಕ್ಕೆ ಇನ್ನೊಂದು, ಗೇಣು ಮೇಲೆ.
ನನ್ನ ಮೊಣಕಾಲನ್ನು ಯಾರೂ ಕೇಳಲಿಲ್ಲ,
ಅದು ಅಂಚೆ ಇಲಾಖೆಯ ಸೊತ್ತು.
ಕೊನೆಗೆ ಎರಡು ಗೆರೆಗಳ ನಡುವೆ ಮೆಟ್ಟು,
ಬಲಗಡೆ ಹಿಡಿಯಲು ಒಂದು ಗೂಟ.
ಎರಡು ಮೊಳ ಆಳ, ಸುತ್ತ ಕಲ್ಲು ಜಡಿದು, ಭದ್ರ.
ಇನಾಸ ಬೀಡಿ ಹಚ್ಚಿದ.
ನಾನು ಬರೆದೆ: ಮುಗಿಯಿತು.

ಆಗ ಬಂದಳು ಹೊನ್ನಿ ಅಂಬಿಗ,
ಸೊಂಟದ ತನಕ ಕೆಸರು, ತಲೆಯ ಮೇಲೆ
ನೀರು ಸೋರುವ ಬಳಚಿನ ಬುಟ್ಟಿ.
ನಮ್ಮನ್ನು ನೋಡಲಿಲ್ಲ. ಗೂಟ ನೋಡಿದಳು.
"ಇದ್ನ ಬಲ್ದ ಬದಿಗೆ ಎಂತಕ್ಕೆ ಹುಗ್ದ್ರಿ?
ಅದು ಬುಟ್ಟಿ ಹಿಡ್ಕಂಬ ಕೈ."

ಐದು ಜನವೂ ನಮ್ಮ ನಮ್ಮ ಬಲಗೈ ನೋಡಿಕೊಂಡೆವು.
ಚೈತ್ರಾ ಮೆಲ್ಲಗೆ ಕೇಳಿದಳು:
ಹಾಗಾದರೆ ವಾಪಸ್ಸು ಬರುವಾಗ?
ಆಗ ಎಡದ ಗೂಟವೇ ಬಲಕ್ಕೆ ಬರುತ್ತದಲ್ಲ?
"ಬರುವಾಗ ಬುಟ್ಟಿ ಖಾಲಿ ಅಲ್ವನೇ ತಂಗಿ."

ಗೂಟವಿಲ್ಲದ ಎಡಗಡೆಯ ಗಾಳಿಯನ್ನೇ ಹಿಡಿದಂತೆ
ಕೈ ಚಾಚಿ, ಮೆಟ್ಟಿಗೆ ಹೆಬ್ಬೆರಳು ಊರಿ,
ತಲೆ ಅಲುಗಿಸದೆ ದಾಟಿ ಹೋದಳು.
ಬುಟ್ಟಿಯ ನೀರು ಬಿದ್ದು
ಹೊಸ ಮೆಟ್ಟಿನ ಮೇಲೆ ಮೂರು ಕಪ್ಪು ಚುಕ್ಕೆ.

ಭದ್ರವಾಗಿ ಹುಗಿದದ್ದನ್ನು ಕೀಳುವುದು
ಹುಗಿಯುವುದಕ್ಕಿಂತ ಕಷ್ಟ.
ಕಲ್ಲು ಜಡಿದವನನ್ನು ಬೊಮ್ಮಯ್ಯ ಬೈದ,
ಜಡಿದವನು ಅವನೇ.
ಭರತ ಏರುತ್ತಿತ್ತು. ಎಡಗಡೆ ಗುಂಡಿ ತೋಡಿದಷ್ಟೂ
ನೀರು ತುಂಬಿತು. ಕೊನೆಯ ಕಲ್ಲನ್ನು ಕಾಣದೆ,
ತಡವರಿಸಿ, ಬೆರಳಲ್ಲೇ ಕೂರಿಸಿದೆವು.

ಹೊತ್ತು ಇಳಿಯುವಾಗ ಮೊದಲು ದಾಟಿದ್ದು ಒಂದು ನಾಯಿ.
ಮೆಟ್ಟು ಮೂಸಿತು, ಗೂಟ ಮೂಸಿತು,
ಕಾಲೆತ್ತಿತು,
ಕೆಳಗಿನಿಂದ ನುಸುಳಿ ಹೋಯಿತು.

"ಮುಗಿಯಿತು" ಎಂಬುದನ್ನು ಹೊಡೆದು ಹಾಕಿ ಬರೆದಿದ್ದೇನೆ:
ಗೂಟ ಎಡಕ್ಕೆ ಬದಲಿಸಿದೆ. ಹೇಳಿದವರು ಹೊನ್ನಿ.
ಉಳಿದ ಮೊಳೆ, ಪೊಟ್ಟಣ ಪೂರ್ತಿ.
ಮುಂದಿನ ವಾರ: ಕೋಡಿಯ ಆಚೆಯ ಸಂಕ.
ಹೋಗುವ ಮೊದಲು ಅಲ್ಲಿ ಯಾರು
ಏನು ಹೊತ್ತು ದಾಟುತ್ತಾರೆ, ಕೇಳಬೇಕು.